ಬಂಡಪಲ್ಲಿಯಲ್ಲಿ ಅಲುಗಿದ ಗೆರೆ

ಆ ದಿನ ಬೆಳಿಗ್ಗೆ ಬಂಡಪಲ್ಲಿಯಲ್ಲಿ ಒಂದು ಗೆರೆ ಅಲುಗಿತು.

ಗೆರೆಯೆಂದರೆ ಹೊಲದ ಬದುವಲ್ಲ, ಅಣ್ಣತಮ್ಮಂದಿರು ಅಂಗಳದ ನಡುವೆ ಎಳೆದುಕೊಂಡ ಗೆರೆಯೂ ಅಲ್ಲ. ಪ್ರಾಣೇಶನ ಮನೆಯ ನೆಲಮಾಳಿಗೆಯಲ್ಲಿ ಇಟ್ಟಿದ್ದ ಕಂಪ್ಯೂಟರಿನ ಪರದೆಯ ಮೇಲೆ ಎಡದಿಂದ ಬಲಕ್ಕೆ ನೆಟ್ಟಗೆ ಹೋಗಬೇಕಾಗಿದ್ದ ಒಂದು ಹಸಿರು ಗೆರೆ. ಸ್ವಲ್ಪ ದೂರ ಅದು ಮರ್ಯಾದೆಯಿಂದಲೇ ಹೋಯಿತು. ಆಮೇಲೆ ಕೃಷ್ಣೆಯಲ್ಲಿ ಈಜುವ ನೀರುಹಾವಿನ ಹಾಗೆ ಬಳುಕತೊಡಗಿತು. ಅದನ್ನು ನೋಡಿ ಪ್ರಾಣೇಶ ಪರದೆಯ ಕಡೆಗೆ ಇನ್ನಷ್ಟು ಬಾಗಿದ. ಅವನ ಸಂಸಾರವೆಲ್ಲ ಆ ಗೆರೆಯ ಮೇಲೆ ನಿಂತಿತ್ತು.

ಪ್ರಾಣೇಶ ಹೈದರಾಬಾದಿನ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್. ಹೆಂಡತಿ ಶ್ರೀವಲ್ಲಿ ಬಂಡಪಲ್ಲಿಯ ಸರಕಾರಿ ಶಾಲೆಯಲ್ಲಿ ಟೀಚರು. ಅವಳ ಕೆಲಸ ಅಲ್ಲಿಗೆ ಹೋಗುವಂತಿಲ್ಲ, ಇವನ ಕೆಲಸ ಇಲ್ಲಿಗೆ ಬರುವಂತಿಲ್ಲ. ಹೀಗಾಗಿ ಮದುವೆಯಾದಾಗಿನಿಂದ ಅವರದು ವಾರಕ್ಕೊಮ್ಮೆಯ ಸಂಸಾರ. ಶನಿವಾರ ಸಂಜೆ ಮಕ್ತಲ್‌ನಲ್ಲಿ ಬಸ್ಸಿಳಿದು ಆಟೋ ಹಿಡಿದು ಬಂದರೆ, ಸೋಮವಾರ ನಸುಕಿನಲ್ಲಿ ಮತ್ತೆ ಆಟೋ, ಮತ್ತೆ ಬಸ್ಸು. ಮಗಳು ರಂಜನಾಳನ್ನು ಯಾರಾದರೂ “ನಿಮ್ಮಪ್ಪ ಎಲ್ಲಿದ್ದಾನವ್ವಾ?” ಎಂದು ಕೇಳಿದರೆ ಅವಳು ಗೋಡೆಯ ಮೇಲಿನ ಕ್ಯಾಲೆಂಡರಿಗೆ ಕೈ ತೋರಿಸುತ್ತಿದ್ದಳು.

ಪ್ರಾಣೇಶನ ಲ್ಯಾಬಿನಲ್ಲಿ ಒಂದು ಯಂತ್ರವಿತ್ತು. ಅದರ ಕೆಲಸ ಒತ್ತುವುದು. ವಜ್ರದ ಮೊನೆಯೊಂದನ್ನು ಗಾಜಿನ ಮೇಲೋ ಲೋಹದ ಮೇಲೋ ಮೆಲ್ಲಗೆ ಒತ್ತಿ, ಎಷ್ಟು ಒತ್ತಿದರೆ ಎಷ್ಟು ಆಳ ಇಳಿಯಿತು, ಬಿಟ್ಟಾಗ ಎಷ್ಟು ಮೇಲೆದ್ದಿತು ಎಂದು ಅಳೆದು, ಆ ವಸ್ತು ಎಷ್ಟು ಗಟ್ಟಿ ಎಂದು ಹೇಳುತ್ತದೆ. ಬಂಡಪಲ್ಲಿಯವರಿಗೆ ಇದನ್ನು ತಿಳಿಸುವುದು ಕಷ್ಟವಾಗಲಿಲ್ಲ. ಎಳೆ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲದಲ್ಲಿ ಜೋಳದ ಕಾಳನ್ನು ಉಗುರಿನಿಂದ ಒತ್ತಿ ಹಾಲು ಬರುತ್ತದೋ, ಕಾಳು ಬಲಿತಿದೆಯೋ ಎಂದು ನೋಡದ ಕೈ ಆ ಊರಿನಲ್ಲಿ ಇರಲಿಲ್ಲ. “ಹಂಗ ಇದೂ,” ಎಂದಿದ್ದ ಪ್ರಾಣೇಶ. “ಆದ್ರ ಉಗುರು ವಜ್ರದ್ದು. ಬೀಳೋ ಕುಣಿ ತಲಿಗೂದಲ ದಪ್ಪದ ಸಾವಿರದಾಗ ಒಂದು ಪಾಲು, ಅಷ್ಟ.”

ಅಷ್ಟು ಸಣ್ಣ ಕುಣಿ ಅಳೆಯುವ ಸೂಜಿಗೆ ಪಕ್ಕದ ರಸ್ತೆಯಲ್ಲಿ ಲಾರಿ ಹೋದರೂ ಭೂಕಂಪವೇ. ಹೈದರಾಬಾದಿನಲ್ಲಿ ಲ್ಯಾಬಿನ ಮುಂದೆಯೇ ಸೇತುವೆ ಕಟ್ಟತೊಡಗಿದ್ದರು. ಹಗಲೆಲ್ಲ ಯಂತ್ರ ಕೈಕಟ್ಟಿ ಕೂಡುತ್ತಿತ್ತು. ಲ್ಯಾಬಿನ ವಿಜ್ಞಾನಿ ನವನೀತಾ ಮೇಡಂ ಯಂತ್ರಕ್ಕೆ ನಡುಕವಿಲ್ಲದ ಊರು ಹುಡುಕುತ್ತಿದ್ದಾರೆ ಎಂದು ಗೊತ್ತಾದಾಗ ಪ್ರಾಣೇಶ ಧೈರ್ಯ ಮಾಡಿ ಬಾಯಿ ಬಿಟ್ಟ. “ನಮ್ಮೂರು ಒಂದೇ ಬಂಡೆಯ ಮೇಲೆ ಕೂತಿದೆ, ಮೇಡಂ. ಗುಂಡಿ ತೋಡುವವರು ಅಳುತ್ತಾರೆ, ಮನೆ ಕಟ್ಟುವವರು ನಗುತ್ತಾರೆ. ಜೋಳ ಇಡಲಿಕ್ಕೆ ನಮ್ಮ ಮುತ್ಯಾ ಬಂಡೆ ಕಡಿಸಿ ಮಾಡಿಸಿದ ನೆಲಮಾಳಿಗೆಯೂ ಉಂಟು.”

ಹೀಗೆ ಹಿಂದಿನ ದಿನ ಸಂಜೆ ಒಂದು ವ್ಯಾನು ಬಂತು. ಸೂಜಿಯ ಯಂತ್ರವನ್ನು ಎಳೆಕೂಸನ್ನು ಇಳಿಸಿದಂತೆ ಇಳಿಸಿ ನೆಲಮಾಳಿಗೆಯ ಕಲ್ಲುಹಾಸಿನ ಮೇಲೆ ಇಟ್ಟರು. ಪರೀಕ್ಷೆ ಪಾಸಾದರೆ ಯಂತ್ರ ಇಲ್ಲಿಯೇ. ಯಂತ್ರ ಇದ್ದಲ್ಲಿ ಪ್ರಾಣೇಶ. ಇಲ್ಲದಿದ್ದರೆ ವ್ಯಾನು ಸಂಜೆಗೆ ಗದ್ವಾಲಿಗೆ ಹೋಗುತ್ತದೆ. ಅಲ್ಲಿಯೂ ಒಂದು ಹಳೆಯ ಕಲ್ಲಿನ ಉಗ್ರಾಣ ನೋಡಿಟ್ಟಿದ್ದರು.

ನವನೀತಾ ಮೇಡಂ ಅವರ ತಾಯಿಯ ಊರು ರಾಯಚೂರು. ಹೀಗಾಗಿ ಅವರಿಗೆ ಕನ್ನಡ ಬರುತ್ತಿತ್ತು. ಸಿಟ್ಟು ಬಂದಾಗ ಮಾತ್ರ ತೆಲುಗು ಬರುತ್ತಿತ್ತು. ಯಂತ್ರ ಇಳಿಸಿದ ಮೇಲೆ ಅವರು ಮನೆಯವರನ್ನೆಲ್ಲ ಕರೆದು ಹೇಳಿದರು. “ಯಾರೂ ಬರಿಗೈಯಿಂದ ಮುಟ್ಟಬಾರದು. ಎಣ್ಣೆ ಕೈ ಬೇಡ. ಚಪ್ಪಲಿ ಬೇಡ. ಕೂದಲು ಬೀಳಬಾರದು. ಅದರ ಮೇಲೆ ಉಸಿರು ಬಿಡಬಾರದು. ಹೊರಗಿಂದ ಬಂದವರು ಕೈಕಾಲು ತೊಳೆಯದೆ ಹತ್ತಿರ ಹೋಗಬಾರದು.”

ಪ್ರಾಣೇಶನ ಸೋದರತ್ತೆ ಭೀಮಾಬಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಮುಖ ಅರಳಿತು. “ಇಷ್ಟ ಏನವಾ? ಇದು ಮಡೀನ ಅಲ್ಲೇನು! ಈ ಮನ್ಯಾಗ ಇಷ್ಟು ವರ್ಷ ನಾ ಒಬ್ಬಾಕಿ ಬಡಕೊಳ್ತಿದ್ದೆ, ಒಬ್ಬರೂ ಕಿವಿ ಮ್ಯಾಲ ಹಾಕ್ಕೊಳ್ತಿದ್ದಿಲ್ಲ. ಈಗ ನೋಡ್ರಿ, ಹೈದರಾಬಾದಿನಿಂದ ಬಂದು ಹೇಳ್ಲಿಕ್ಕತ್ತಾರ!”

ಮರುದಿನ ಬೆಳಿಗ್ಗೆ ಶ್ರೀವಲ್ಲಿ ಶಾಲೆಗೆ ಹೊರಡುವ ಮುಂಚೆ ಗಂಡನಿಗೆ ಚಹಾ ಕೊಟ್ಟಳು. ಎಂದಿನಂತೆ ಅರ್ಧ ಲೋಟ. ಮದುವೆಯಾದ ಹೊಸತರಲ್ಲಿ ಪ್ರಾಣೇಶ ಇದನ್ನು ತವರಿನ ರೂಢಿ ಅಂದುಕೊಂಡಿದ್ದ. ಈಗ ಕೇಳುವುದನ್ನೇ ಬಿಟ್ಟಿದ್ದ.

“ಇವತ್ತರೆ ಹೊಟ್ಟಿ ತುಂಬ ಉಸಿರಾಡ್ರಿ,” ಎಂದಳು ಅವಳು. “ಎಲ್ಲಾ ಛಲೋ ಆಗ್ತದ.”

ಪ್ರಾಣೇಶ ನೆಲಮಾಳಿಗೆಗೆ ಇಳಿದ. ಹೈದರಾಬಾದಿನಲ್ಲಿ ಯಂತ್ರ ಕೆಳಗಿನ ಕೋಣೆಯಲ್ಲಿ, ಅದನ್ನು ನಡೆಸುವ ಅವನ ಕುರ್ಚಿ ಇನ್ನೊಂದು ಕಟ್ಟಡದ ಮೇಲಂತಸ್ತಿನಲ್ಲಿ ಇರುತ್ತಿತ್ತು. ಇಲ್ಲಿ ಇರುವುದೊಂದೇ ಕೋಣೆ. ಗೋಡೆಗೆ ಹತ್ತಿದ ಕಲ್ಲಿನ ಕಟ್ಟೆಯ ಮೇಲೆ ಕೂತು, ಮೇಜನ್ನು ಮುಂದೆ ಎಳೆದುಕೊಂಡು, ಗುಂಡಿ ಒತ್ತಿದ. ಮೇಡಂ ಎದುರಿಗೆ ಕೂತರು. ಸೂಜಿ ಗಾಜಿನ ತುಣುಕಿನ ಕಡೆಗೆ ಇಳಿಯತೊಡಗಿತು. ಇಬ್ಬರ ಕಣ್ಣೂ ಪರದೆಯ ಮೇಲೆ.

ಆಗ ಗೆರೆ ಅಲುಗಿದ್ದು.

“ಎಲ್ಲೋ ಏನೋ ಅದುರ್ತಿದೆ, ಪ್ರಾಣೇಶ್,” ಎಂದರು ಮೇಡಂ.

ಪ್ರಾಣೇಶ ಕಿವಿಗೊಟ್ಟ. ಓಣಿಯ ತುದಿಯಿಂದ ನಾಗಪ್ಪನ ಹಿಟ್ಟಿನ ಗಿರಣಿಯ ಸದ್ದು ಬರುತ್ತಿತ್ತು. “ಗಿರಣಿ ಮೇಡಂ! ಈಗ ನಿಲ್ಲಿಸಿ ಬರ್ತೀನಿ,” ಎಂದವನೇ ಮೆಟ್ಟಿಲು ಹತ್ತಿ ಓಡಿದ.

ಗಿರಣಿಯ ಮುಂದೆ ಜೋಳದ ಡಬ್ಬಿಗಳೂ ಅವುಗಳ ಹಿಂದೆ ಹೆಣ್ಣುಮಕ್ಕಳೂ ಸಾಲಾಗಿ ಕೂತಿದ್ದರು. ನಾಗಪ್ಪ ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದ.

“ನಾಗಪ್ಪಣ್ಣಾ, ಸ್ವಲ್ಪ ಹೊತ್ತು ಗಿರಣಿ ಬಂದ್ ಮಾಡ್ತೀಯೇನು? ಕೆಳಗ ಸೂಜಿ ನಡುಗ್ಲಿಕ್ಕತ್ತದ.”

“ಥಂಡಿ ಹತ್ತಿರಬೇಕು,” ಎಂದ ನಾಗಪ್ಪ. “ಒಂದು ಕಂಬಳಿ ಹೊಚ್ಚ್ರಿ.”

ಹೆಣ್ಣುಮಕ್ಕಳು ನಕ್ಕರು. ಪ್ರಾಣೇಶ ನಗಲಿಲ್ಲ. “ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಾಗ ನಿನ್ನ ಸೊಂಟದಾಗ ಲೋಹದ ಕೀಲು ಹಾಕಿದ್ರಲ್ಲ? ಅಂಥಾ ಕೀಲಿನ ಮ್ಯಾಲೆ ಒಂದು ತೆಳು ಪದರ ಇರ್ತದ. ಅದು ಸವೀತದೋ ತಾಳ್ತದೋ ಅಂತ ಮೊದಲ ನೋಡೋದು ಇಂಥಾ ಸೂಜೀನ.”

ನಾಗಪ್ಪನ ಕೈ ತಾನಾಗಿಯೇ ಸೊಂಟದ ಮೇಲೆ ಹೋಯಿತು. ಎರಡು ವರ್ಷ ಕೋಲು ಹಿಡಿದು ತಿರುಗಿದ್ದು, ಆಮೇಲೆ ಒಂದು ದಿನ ಕೋಲನ್ನು ಗಿರಣಿಯ ಮೂಲೆಗೆ ಇಟ್ಟು ಚೀಲ ಎತ್ತಿದ್ದು, ಎಲ್ಲ ಅವನ ಮುಖದ ಮೇಲೆ ಹಾದುಹೋಯಿತು. ಅವನು ಗಿರಣಿ ನಿಲ್ಲಿಸಿದ. ಬೆಲ್ಟು ನಾಲ್ಕು ಸುತ್ತು ತಿರುಗಿ ಸೋತು ನಿಂತಿತು.

“ಹಂಗಾದ್ರ ಅದು ನನ್ನ ಸೂಜೀನೂ ಆತು,” ಎಂದ. “ಯವ್ವಗಳಿರಾ, ಇವತ್ತ ರೊಟ್ಟಿ ಇಲ್ಲ. ಮನಿಗೆ ಹೋಗಿ ಅನ್ನ ಮಾಡ್ಕೊಂಡು ಉಣ್ರಿ.”

ಅಷ್ಟರಲ್ಲಿ ಪ್ರಾಣೇಶನ ಮನೆಯ ಬಾಗಿಲಿಂದ ಒಂದು ಕೂಗು ಬಂತು. “ನಿಂತೋತು! ಗೆರಿ ನೆಟ್ಟಗಾತಂತ!”

ಕೂಗಿದವನು ದೇವೇಂದ್ರಪ್ಪ. ಮಕ್ತಲ್‌ನ ತಹಸೀಲ ಕಚೇರಿಯಲ್ಲಿ ದಫೇದಾರನಾಗಿದ್ದು ನಿವೃತ್ತಿಯಾಗಿ ಬಂದವನು. ಕಚೇರಿ ಅವನನ್ನು ಬಿಟ್ಟಿತ್ತು, ಅವನು ಕಚೇರಿಯನ್ನು ಬಿಟ್ಟಿರಲಿಲ್ಲ. ಊರಿನಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಐದನೆಯವನಾಗಿ ಬಂದೋಬಸ್ತಿಗೆ ನಿಲ್ಲುತ್ತಿದ್ದ. ಈ ದಿನ ಯಾರೂ ಹೇಳದೆಯೇ ನೆಲಮಾಳಿಗೆಯ ಬಾಗಿಲಿಗೆ ತಾನಾಗಿಯೇ ಹಾಜರಾಗಿದ್ದ.

ಪ್ರಾಣೇಶ ಸಂತೋಷದಿಂದ ಓಡಿಬಂದು, ಮತ್ತೆ ಕಟ್ಟೆಯ ಮೇಲೆ ಕೂತ. ಗೆರೆ ಕೆರೆಯ ನೀರಿನ ಹಾಗೆ ಸಪಾಟಾಗಿತ್ತು. ಅವನು ಉಸಿರು ಬಿಗಿಹಿಡಿದು ನೋಡಿದ. ಇನ್ನೇನು ಸೂಜಿ ಗಾಜನ್ನು ಮುಟ್ಟಬೇಕು. ಗೆರೆ ಮತ್ತೆ ಬಳುಕಿತು.

“ಇದು ಬೇರೆ ಏನೋ ಇರಬೇಕು,” ಎಂದರು ಮೇಡಂ.

“ಮಗ್ಗ!” ಎಂದು ಪ್ರಾಣೇಶ ಮತ್ತೆ ಓಡಿದ.

ಹಿಂದಿನ ಓಣಿಯಲ್ಲಿ ಗಂಗಾಂಬಿಕಾ ನಾರಾಯಣಪೇಟೆ ಸೀರೆಯೊಂದನ್ನು ನೇಯುತ್ತ ಸೆರಗಿನವರೆಗೆ ಬಂದಿದ್ದಳು. ಸಂಜೆಗೆ ಅದನ್ನು ಮಗ್ಗದಿಂದ ಇಳಿಸಬೇಕಾಗಿತ್ತು. ಪ್ರಾಣೇಶ ಹೇಳಿದ್ದನ್ನೆಲ್ಲ ಕೇಳಿದಳು, ಕೈ ನಿಲ್ಲಿಸಲಿಲ್ಲ.

“ನನ್ನ ಕಾಲು ನಿಂತ್ರ ನನ್ನ ಮನಿ ನಿಂತಂಗ, ಗೊತ್ತೈತೇನು?”

“ಗೊತ್ತದ ತಂಗಿ. ಅದಕ್ಕ ಕೈ ಮುಗಿದು ಕೇಳ್ಲಿಕ್ಕತ್ತೀನಿ.”

“ಕೈ ಮುಗೀಬ್ಯಾಡ್ರಿ. ಟೀಚರಮ್ಮ ನನ್ನ ಮಗಳಿಗೆ ತಮ್ಮ ಮಗಳ ಜೋಡಿ ಕುಂದ್ರಿಸ್ಕೊಂಡು ಲೆಕ್ಕ ಹೇಳಿಕೊಟ್ಟಾರ. ಆಕಿ ಸಲುವಾಗಿ ನಿಲ್ಲಸ್ತೀನಿ. ನಿಮ್ಮ ಮಾರಿ ನೋಡಿ ಅಲ್ಲ.” ಎರಡೂ ಪಾದಗಳನ್ನು ಎತ್ತಿ ಹಲಗೆಯ ಮೇಲೆ ಇಟ್ಟುಕೊಂಡಳು. “ಏ ನೋಡ್ರಿ, ನನ್ನ ಕಾಲು ಸುಮ್ಮಕ ಐತಿ. ಇನ್ನ ನಿಮ್ಮ ಸೂಜಿ ಏನಂತೈತೋ ಕೇಳ್ರಿ.”

“ನಿಂತೋತು!” ಎಂದು ದೇವೇಂದ್ರಪ್ಪನ ಕೂಗು.

ಓಣಿಗೆ ಬಂದು ನಿಂತಿದ್ದ ನಾಗಪ್ಪ ಅದನ್ನು ಕೇಳಿದ. “ಅಂದ್ರ ನನ್ನ ಗಿರಣಿದು ತಪ್ಪಿಲ್ಲ! ಈಕಿ ಮಗ್ಗದ್ದ!”

“ಮೊದಲು ಗಿರಣಿ ನಿಲ್ಲಿಸಿದಾಗೂ ನಿಂತಿತ್ತಂತಲ್ಲೋ ಮಾವ, ಆವಾಗ ಯಾರದಿತ್ತು?” ಎಂದಳು ಗಂಗಾಂಬಿಕಾ ಒಳಗಿನಿಂದಲೇ.

ಇಬ್ಬರ ವಾದ ಮುಗಿಯುವ ಮೊದಲೇ ಪ್ರಾಣೇಶ ಕೆಳಗಿಳಿದು, ಕೂತು, ನೋಡಿ, ಮತ್ತೆ ಮೇಲೆ ಬಂದಾಗಿತ್ತು. ಗೆರೆ ಪುನಃ ಅಲುಗಿತ್ತು.

ಈ ಸಲ ಉಳಿದಿದ್ದ ಸದ್ದು ಒಂದೇ. ದೇವೇಂದ್ರಪ್ಪನದೇ ಬೋರಿನ ಮೋಟರು.

“ನನ್ನದು ಸರಕಾರಿ ಮಂಜೂರಿ ಮೋಟರ್,” ಎಂದ ದೇವೇಂದ್ರಪ್ಪ ಎದೆ ಸೆಟೆಸಿ. “ಅದು ಅದುರೂದಿಲ್ಲ.”

“ಹೌದೌದು, ಗಿರಣಿ ಅದುರತೈತಿ, ಮಗ್ಗ ಅದುರತೈತಿ, ದಫೇದಾರರ ಮೋಟರ್ ಮಾತ್ರ ಅಟೆನ್ಶನ್ ನಿಂತಿರತೈತಿ!” ಎಂದ ನಾಗಪ್ಪ. ಓಣಿಯೆಲ್ಲ ನಕ್ಕಿತು. ದೇವೇಂದ್ರಪ್ಪ ಪ್ರಾಣೇಶನನ್ನೂ ಜತೆಗೆ ಕರೆದುಕೊಂಡು ಹೋಗಿ, ಎಲ್ಲರಿಗೂ ಕಾಣುವಂತೆ ಮೋಟರು ಬಂದ್ ಮಾಡಿದ. ನೆಲಮಾಳಿಗೆಯ ಕಿಂಡಿಯಿಂದ ಮೇಡಂ ಅವರ ದನಿ ಬಂತು. “ನಿಂತಿತು!”

ದೇವೇಂದ್ರಪ್ಪನ ಮುಖ ಇಂಗು ತಿಂದ ಮಂಗನದಂತಾಯಿತು. ಆದರೆ ಅವನು ಮೂವತ್ತು ವರ್ಷ ಹುಕುಂ ಕೇಳಿದವನು. ಈ ಊರಿನಲ್ಲಿ ಹುಕುಂ ಕೊಡುವ ಭಾಗ್ಯ ಇದೇ ಮೊದಲ ಸಲ ಸಿಕ್ಕಿತ್ತು. ಪ್ರಾಣೇಶ ಕೆಳಗೆ ಹೋಗಿ ಕೂತು, ಗೆರೆ ನಾಲ್ಕನೆಯ ಸಲ ಬಳುಕಿದೆ ಎಂದು ತಿಳಿದಾಗ ಅವನು ಟವೆಲನ್ನು ಸೊಂಟಕ್ಕೆ ಬಿಗಿದ. “ಬಿಡಿ ಬಿಡಿಯಾಗಿ ನಿಲ್ಲಿಸಿದ್ರ ಆಗೂದಿಲ್ಲ. ಇಡೀ ಊರಿಗೆ ಬಂದೋಬಸ್ತ್ ಹಾಕೋಣು.”

ಬಂದೋಬಸ್ತು ಬಿತ್ತು. ಟ್ರ್ಯಾಕ್ಟರುಗಳ ಚಾವಿ ದೇವೇಂದ್ರಪ್ಪನ ಜೇಬಿಗೆ ಬಂದವು. ಎಮ್ಮೆಗಳನ್ನು ಬಂಡೆಯಿಂದಾಚೆ ಕರಿಮಣ್ಣಿನ ಹೊಲಕ್ಕೆ ಅಟ್ಟಿದರು. ಖಾರ ಕುಟ್ಟುತ್ತಿದ್ದವರ ಒನಕೆ ಮೂಲೆ ಸೇರಿತು. ಶಾಲೆಯಲ್ಲಿ ಶ್ರೀವಲ್ಲಿ ಮಕ್ಕಳ ಕೈಗೆ ಬಳಪ ಕೊಟ್ಟು, ಮಾತಾಡದೆ ಬರೆಯುವ ಪಾಠ ಶುರುಮಾಡಿದಳು. ಮಕ್ತಲ್‌ನಿಂದ ಬಂದ ಬಸ್ಸನ್ನು ಕೆರೆಯ ಏರಿಯ ಮೇಲೆಯೇ ತಡೆದರು. ಜನ ಚಪ್ಪಲಿ ಕೈಯಲ್ಲಿ ಹಿಡಿದು ಊರೊಳಗೆ ನಡೆದು ಬಂದರು. ಮೊಮ್ಮಗನ ನಾಮಕರಣಕ್ಕೆಂದು ಇಟಿಕ್ಯಾಲದಿಂದ ಬಂದಿದ್ದ ಮುದುಕಿಯೊಬ್ಬಳು ಈ ಮೌನ ನೋಡಿ ಗಾಬರಿಯಾಗಿ, “ಯಾರು ಹೋದ್ರಪ್ಪಾ?” ಎಂದು ಪಿಸುಗುಟ್ಟಿದಳು.

“ಯಾರೂ ಹೋಗಿಲ್ಲಬೇ. ಸೂಜಿ ಬಂದೈತಿ.”

ಮುದುಕಿಗೆ ಏನೂ ತಿಳಿಯಲಿಲ್ಲ. ಆದರೂ ಕೈ ಮುಗಿದಳು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬಂಡಪಲ್ಲಿ ಗ್ರಹಣ ಹಿಡಿದ ಊರಿನಂತೆ ಆಗಿತ್ತು. ಪ್ರಾಣೇಶ ಹೊರಗೆ ಬಂದು ನೋಡಿದ. ನಾಗಪ್ಪ ನಿಂತ ಬೆಲ್ಟಿನ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದ. ಗಂಗಾಂಬಿಕಾ ಇನ್ನೂ ಪಾದಗಳನ್ನು ಹಲಗೆಯಿಂದ ಇಳಿಸಿರಲಿಲ್ಲ. ಶಾಲೆಯ ಕಿಟಕಿಯಲ್ಲಿ ಮಕ್ಕಳ ಬೆರಳು ತುಟಿಯ ಮೇಲಿದ್ದವು; ಅವುಗಳಲ್ಲಿ ಒಂದು ಬೆರಳು ರಂಜನಾಳದು. ದೇವೇಂದ್ರಪ್ಪ ಬರಿಗಾಲಲ್ಲಿ, ಕೆಂಡದ ಮೇಲೆ ನಡೆಯುವವನಂತೆ, ಓಣಿಯಿಂದ ಓಣಿಗೆ ಹೆಜ್ಜೆ ಹಾಕುತ್ತಿದ್ದ. ಮೂಗು ಕೆರೆಯುತ್ತಿದ್ದ ಒಬ್ಬನನ್ನು ಕಣ್ಣಿನಲ್ಲೇ ಗದರಿಸಿದ.

ಒಬ್ಬ ಮನುಷ್ಯ ಹೆಂಡತಿ ಮಕ್ಕಳ ಜತೆ ದಿನಾ ರಾತ್ರಿ ಉಣ್ಣಲಿ ಎಂದು ಒಂದು ಊರು ಮಧ್ಯಾಹ್ನದ ರೊಟ್ಟಿ ಬಿಟ್ಟು ಕೂತಿತ್ತು. ಇವರ ಋಣ ಯಾವಾಗ ತೀರಿಸುವುದು? ಪ್ರಾಣೇಶ ನಡುಬೀದಿಯಲ್ಲಿ ನಿಂತು ಸುತ್ತಲೂ ತಿರುಗಿ ಕೈ ಮುಗಿದ.

“ನಿಂತೇ ಇದೆ, ಪ್ರಾಣೇಶ್!” ಎಂದು ಕಿಂಡಿಯಿಂದ ಮೇಡಂ ಕೂಗಿದರು. “ಬೇಗ ಬನ್ನಿ!”

ಅವನು ಕಣ್ಣೊರೆಸಿಕೊಂಡು ಬಂದು ಕೂತ. ಎದೆ ತುಂಬಿತ್ತು. ಸೂಜಿ ಇಳಿಯಿತು. ಗೆರೆ ಈವರೆಗೆ ಬಳುಕಿದ್ದಕ್ಕಿಂತ ಎರಡರಷ್ಟು ಬಳುಕಿತು.

ಮೇಡಂ ಸೂಜಿಯನ್ನು ಮೇಲಕ್ಕೆ ಎತ್ತಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. “ನಿಮ್ಮೂರಿನ ಜನ ಬಂಗಾರ, ಪ್ರಾಣೇಶ್. ಇಂಥ ಜನ ನಾನು ನೋಡೇ ಇಲ್ಲ. ಆದ್ರೆ ಬಂಡೆಯ ಹೊಟ್ಟೆಯೊಳಗೇ ಏನೋ ಇದೆ. ನೀರಿನ ಸೆಲೆ ಇರಬಹುದು. ಗದ್ವಾಲಿಗೆ ಹೊರಡೋಣ.”

“ಇನ್ನೊಂದೇ ಸಲ ಮೇಡಂ,” ಎಂದ ಪ್ರಾಣೇಶ. ಅವನ ಕಣ್ಣ ಮುಂದೆ ಕ್ಯಾಲೆಂಡರು ಹಾಳೆ ಮಗುಚುತ್ತಿತ್ತು.

“ಆಯ್ತು. ಕೊನೇ ಸಲ.”

ಇದೇ ಹೊತ್ತಿಗೆ ಭೀಮಾಬಾಯಿಯ ಸಹನೆ ತೀರಿತ್ತು. ಬೆಳಗಿನಿಂದ ಅವಳನ್ನು ಯಾರೂ ಕೆಳಗೆ ಬಿಟ್ಟಿರಲಿಲ್ಲ. ಮಾಡಿದ ಸಾರು ಆರಿತ್ತು, ಸೋದರಳಿಯ ಉಂಡಿರಲಿಲ್ಲ. ಒಗ್ಗರಣೆ ಕೂಡ ಸದ್ದಾಗುತ್ತದೆಂದು ಹಾಕಗೊಟ್ಟಿರಲಿಲ್ಲ. ಕೈಯಲ್ಲಿ ಸಾರು ತಿರುವುವ ಮರದ ಹುಟ್ಟು ಹಿಡಿದವಳು ಹಾಗೆಯೇ, ಸದ್ದಿಲ್ಲದೆ, ಒಂದೊಂದೇ ಮೆಟ್ಟಿಲು ಇಳಿದು ಬಂದಳು. ದೇವೇಂದ್ರಪ್ಪ ತಡೆಯಲು ಹೋಗಿ, ಮಡಿಯಲ್ಲಿದ್ದವಳನ್ನು ಮುಟ್ಟಲಾರದೆ ಬದಿಗೆ ಸರಿದ. ಆಗಷ್ಟೇ ಶಾಲೆಯಿಂದ ಊಟದ ಬಿಡುವಿಗೆ ಬಂದಿದ್ದ ಶ್ರೀವಲ್ಲಿ ಅವಳ ಹಿಂದೆ ಬಂದಳು.

ಮೇಡಂ ಪರದೆ ನೋಡುತ್ತಿದ್ದರು. ಪ್ರಾಣೇಶನೂ ಪರದೆ ನೋಡುತ್ತಿದ್ದ. ಭೀಮಾಬಾಯಿಗೆ ಪರದೆ ಗಿರದೆ ಗೊತ್ತಿಲ್ಲ. ಅವಳು ಮೇಜಿನ ಕೆಳಗೆ ನೋಡಿದಳು.

“ಏ ಪ್ರಾಣ್ಯಾ!”

ಹುಟ್ಟು ಪ್ರಾಣೇಶನ ಎಡ ಮೊಣಕಾಲಿನ ಮೇಲೆ ಟಪ್ಪನೆ ಬಿತ್ತು. ಪರದೆಯ ಮೇಲೆ ಗೆರೆ ಒಮ್ಮೆ ಮುಗಿಲಿಗೆ ಜಿಗಿಯಿತು. ಆಮೇಲೆ ಕೆಳಗಿಳಿದು, ಎಣ್ಣೆ ಹಚ್ಚಿ ಬಾಚಿದ ಬೈತಲೆಯ ಹಾಗೆ, ನೆಟ್ಟಗೆ, ನೆಟ್ಟನೆ ನೆಟ್ಟಗೆ ಹೋಯಿತು.

“ಕೂತಲ್ಲೆ ಕಾಲು ಅಲ್ಲಾಡಿಸಬ್ಯಾಡ, ಮನೀ ಲಕ್ಷ್ಮಿ ಎದ್ದು ಹೋಗ್ತಾಳ ಅಂತ ಸಣ್ಣಂವ ಇದ್ದಾಗಿಂದ ಹೇಳ್ಲಿಕ್ಕತ್ತೀನಿ! ಮಗಳು ಶಾಲಿಗೆ ಹೋಗ್ತಾಳ, ಇನ್ನೂ ನಿನ್ನ ಕಾಲಿಗೆ ಬುದ್ಧಿ ಬಂದಿಲ್ಲ!”

ನವನೀತಾ ಮೇಡಂ ಪರದೆ ನೋಡಿದರು, ಕಾಲು ನೋಡಿದರು, ಮತ್ತೆ ಪರದೆ ನೋಡಿದರು. “ಪ್ರಾಣೇಶ್,” ಎಂದರು, “ಇನ್ನೊಮ್ಮೆ ಅಲ್ಲಾಡಿಸಿ.”

ಅಲ್ಲಾಡಿಸಿದ. ನೀರುಹಾವು ಈಜಿತು.

“ನಿಲ್ಲಿಸಿ.”

ಹಾವು ಸತ್ತಿತು.

“ಅಯ್ಯೋ ದೇವುಡಾ! ಎಂತ ಪನಿ ಚೇಶಾವಯ್ಯಾ! ಎಂಥಾ ಕೆಲಸ ಮಾಡಿದ್ರಿ!” ಎಂದು ಮೇಡಂ ತಲೆಗೆ ಕೈ ಹಚ್ಚಿಕೊಂಡರು. ಅವನು ಕೂತಿದ್ದ ಕಟ್ಟೆಯೂ ಯಂತ್ರ ಇಟ್ಟಿದ್ದ ಕಲ್ಲುಹಾಸೂ ಒಂದೇ ಬಂಡೆಯಲ್ಲಿ ಕಡಿದವು. ಅವನು ಗಿರಣಿ ನಿಲ್ಲಿಸಲು ಹೋದಾಗ ಗೆರೆಯ ಬಳುಕು ನಿಂತಿತ್ತು, ಮಗ್ಗ ನಿಲ್ಲಿಸಲು ಹೋದಾಗ ನಿಂತಿತ್ತು. ಅವನು ಎಲ್ಲಿಗೆ ಹೋದರೂ ನಿಲ್ಲುತ್ತಿತ್ತು.

ಶ್ರೀವಲ್ಲಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ನಗು ತಡೆದು ತಡೆದು ಅವಳ ಕಣ್ಣಲ್ಲಿ ನೀರು ಬಂದಿತ್ತು. “ಅದಕ್ಕ ಮೇಡಂ, ನಾ ಇವರಿಗೆ ಅರ್ಧ ಲೋಟ ಚಹಾ ಕೊಡೋದು. ಪೂರ್ತಿ ಕೊಟ್ರ ಉಳಿದರ್ಧ ನೆಲಾ ಕುಡೀತದ.”

ದೇವೇಂದ್ರಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತ. “ಕೇಳ್ರಪ್ಪೋ! ಗಿರಣಿ ತಪ್ಪಿಲ್ಲ, ಮಗ್ಗ ತಪ್ಪಿಲ್ಲ, ಸರಕಾರಿ ಮೋಟರ್ ಅಂತೂ ಮೊದಲ ತಪ್ಪಿಲ್ಲ! ಪ್ರಾಣೇಶಪ್ಪನ ಎಡಗಾಲು!”

ಬೆಳಗಿನಿಂದ ತಡೆದಿಟ್ಟಿದ್ದ ಸದ್ದೆಲ್ಲ ಊರು ಒಂದೇ ನಗುವಿನಲ್ಲಿ ಹೊರಗೆ ಹಾಕಿತು. ಮೇಡಂ ಪರೀಕ್ಷೆಗೆಂದು ಎಲ್ಲವನ್ನೂ ಶುರುಮಾಡಿಸಿದರು. ಗಿರಣಿ ತಿರುಗಿತು, ಮಗ್ಗ ಬಡಿಯಿತು, ಮೋಟರು ಗುಂಯ್ಗುಟ್ಟಿತು, ಬಸ್ಸು ಹಾರನ್ ಹಾಕುತ್ತ ಊರೊಳಗೆ ಬಂತು. ಗೆರೆ ಅಲುಗಲಿಲ್ಲ. ಅಷ್ಟು ದೂರದಿಂದ ಬರುವ ನಡುಕವನ್ನು ಬಂಡೆಯೂ ಯಂತ್ರದ ಅಡಿಗೆ ಹಾಕಿದ್ದ ರಬ್ಬರಿನ ಹಾಸೂ ನುಂಗಿಬಿಡುತ್ತಿದ್ದವು. “ಇದಕ್ಕಿಂತ ಒಳ್ಳೇ ಜಾಗ ನಂಗೆ ಸಿಗಲ್ಲ,” ಎಂದು ಮೇಡಂ ಘೋಷಿಸಿದರು. “ಯಂತ್ರ ಇಲ್ಲೇ ಇರ್ತದೆ.”

ಪ್ರಾಣೇಶ ಕೂತಲ್ಲಿಂದ ಎದ್ದು ದೇವರ ಕೋಣೆಯ ದಿಕ್ಕಿಗೆ ಕೈ ಮುಗಿದ.

“ಆದ್ರೆ,” ಎಂದರು ಮೇಡಂ.

ಆ ಒಂದು ಮಾತಿನಿಂದ ಮತ್ತೊಂದು ಪರೀಕ್ಷೆ ಶುರುವಾಯಿತು. ಪ್ರಾಣೇಶನ ಎಡಗಾಲನ್ನು ಟವೆಲಿನಿಂದ ಕಟ್ಟೆಗೆ ಕಟ್ಟಿದರು. ಸೂಜಿ ಗಾಜಿನ ಹತ್ತಿರ ಬಂದಂತೆ, ಅವನಿಗೆ ಗೊತ್ತಿಲ್ಲದೆಯೇ, ಬಲಗಾಲು ಶುರುವಾಯಿತು. ಎರಡನ್ನೂ ಕಟ್ಟಿದರೆ ಮೈಯೇ ತೂಗತೊಡಗಿತು. ಕಂಪ್ಯೂಟರನ್ನು ಮೇಲಿನ ಪಡಸಾಲೆಗೆ ಒಯ್ದು ಅವನನ್ನು ಅಲ್ಲಿ ಕೂಡಿಸಿದರೂ, ನೆಲಮಾಳಿಗೆಯ ನೆತ್ತಿಯ ಮೇಲೆಯೇ ಇದ್ದುದರಿಂದ, ಗೆರೆಯಲ್ಲಿ ಸಣ್ಣ ನಡುಕ ಉಳಿಯಿತು. ಭೀಮಾಬಾಯಿ ಹುಟ್ಟು ಹಿಡಿದು ದಿನಾ ಪಕ್ಕದಲ್ಲಿ ಕೂಡಲು ಸಿದ್ಧಳಿದ್ದಳು. ಆದರೆ ಹುಟ್ಟಿನ ಏಟಿಗೆ ಸೂಜಿ ಮುರಿದೀತೆಂದು ಮೇಡಂ ಒಪ್ಪಲಿಲ್ಲ.

ಎಲ್ಲರೂ ಯೋಚನೆ ಮಾಡುತ್ತ ಕೂತರು. ಆಗ ಪ್ರಾಣೇಶನಿಗೇ ಹೊಳೆಯಿತು. ಅವನ ಮುಖ ದೀಪ ಹಚ್ಚಿದಂತಾಯಿತು.

“ಮೇಡಂ! ನಾನು ಯಂತ್ರದ ಹತ್ತಿರ ಕೂಡೋದೇ ಬೇಡ! ಶಾಲೆ ಪಕ್ಕದ ಪಂಚಾಯ್ತಿಗೆ ಇಂಟರ್ನೆಟ್ ಕೇಬಲ್ ಬಂದಿದೆ. ಅಲ್ಲಿಂದ ಇಲ್ಲಿಗೆ ಒಂದು ವೈರ್ ಎಳೆದ್ರೆ, ನಾನು ಶಾಲೆ ಹತ್ರ ಕೂತೇ ನಡೆಸಬಹುದು. ಸೂಜಿಗೇನು ಗೊತ್ತಾಗ್ತದೆ, ಗುಂಡಿ ಒತ್ತುವವನು ಎಷ್ಟು ದೂರ ಇದ್ದಾನೆ ಅಂತ?”

“ಶಹಬ್ಬಾಸ್!” ಎಂದ ದೇವೇಂದ್ರಪ್ಪ. ನಾಗಪ್ಪ ಬೆನ್ನು ತಟ್ಟಿದ, ಅಂಗಿಯ ಮೇಲೆ ಹಿಟ್ಟಿನ ಹಸ್ತ ಮೂಡಿತು. ಶ್ರೀವಲ್ಲಿಯ ಕಣ್ಣು ಹೊಳೆದವು. ಮೇಡಂ ಅವರಿಗೂ ಖುಷಿಯಾಗಿ, ಆಗಿಂದಾಗಲೇ ಹೈದರಾಬಾದಿಗೆ ಡೈರೆಕ್ಟರಿಗೆ ಫೋನ್ ಮಾಡಿದರು. ಅಂಗಳಕ್ಕೆ ಹೋಗಿ ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದರು. ಪ್ರಾಣೇಶನ ಹೆಸರು ನಾಲ್ಕಾರು ಸಲ ಕೇಳಿಸಿತು, ಹೊಗಳಿಕೆಯೂ ಕೇಳಿಸಿತು.

ತಿರುಗಿ ಬಂದಾಗ ಮೇಡಂ ಅವರ ಮುಖದಲ್ಲಿ ಸಂತೋಷವೂ ಇತ್ತು, ಸಂಕೋಚವೂ ಇತ್ತು.

“ಡೈರೆಕ್ಟರಿಗೆ ನಿಮ್ಮ ಐಡಿಯಾ ತುಂಬಾ ಹಿಡಿಸಿತು, ಪ್ರಾಣೇಶ್. ವೈರ್ ಮಂಜೂರು ಮಾಡಿದ್ರು. ಒಂದೇ ಮಾತು ಕೇಳಿದ್ರು. ದೂರದಿಂದಲೇ ನಡೆಸೋದಾದ್ರೆ ಶಾಲೆಯಿಂದ ಯಾಕೆ? ಹೈದರಾಬಾದಿನಲ್ಲಿ ಆತನ ಕುರ್ಚಿ ಇದ್ದೇ ಇದೆ. ಉಳಿದ ಯಂತ್ರಗಳೂ ಅಲ್ಲೇ ಇವೆ. ಸೂಜಿಗೇನು ಗೊತ್ತಾಗ್ತದೆ, ಅಂದ್ರು.”

ಬೆಳಗಿನಿಂದ ಊರೆಲ್ಲ ಪ್ರಯತ್ನಪಟ್ಟು ತಂದ ಮೌನಕ್ಕಿಂತ ಈಗ ಪಡಸಾಲೆಯ ಮೌನ ಗಟ್ಟಿಯಾಗಿತ್ತು.

“ಇಲ್ಲಿ ಬೇಕಾಗಿರೋದು ದಿನಾ ಗಾಜಿನ ತುಣುಕು ಬದಲಿಸಿ ಇಡೋರು ಒಬ್ಬರು,” ಎಂದು ಮೇಡಂ ಮಾತು ತಿರುಗಿಸಿದರು. “ಸ್ನಾನ ಮಾಡಿ, ಕೂದಲು ಕಟ್ಟಿ, ಶುದ್ಧ ಕೈಯಿಂದ, ಯಾರನ್ನೂ ಮುಟ್ಟದೆ…” ಅವರ ಮಾತು ಮುಗಿಯುವ ಮೊದಲೇ ಎಲ್ಲರ ಕಣ್ಣೂ ಭೀಮಾಬಾಯಿಯ ಕಡೆಗೆ ತಿರುಗಿದ್ದವು.

ಭೀಮಾಬಾಯಿ ಹುಟ್ಟನ್ನು ಸೆರಗಿನಲ್ಲಿ ಒರೆಸಿದಳು. “ಮಾಡ್ತೀನಿ. ಅದರಾಗೇನದ? ಆದ್ರ ಏಕಾದಶಿ ದಿನ ನಾ ಕೆಳಗ ಇಳಿಯೂದಿಲ್ಲ. ಅವತ್ತ ನಿಮ್ಮ ಸೂಜೀನೂ ಉಪಾಸ ಇರ್ಲಿ.”

“ಆಗಲಿ ಅಮ್ಮಾ. ಅದಕ್ಕೂ ತಿಂಗಳಿಗೆ ಎರಡು ದಿನ ರಜೆ ಬೇಕು,” ಎಂದು ಮೇಡಂ ಕೈ ಮುಗಿದರು.

ಬಿಸಿಲು ಇಳಿದ ಮೇಲೆ ವ್ಯಾನು ಹೊರಟಿತು. ಗದ್ವಾಲಿಗಲ್ಲ, ಹೈದರಾಬಾದಿಗೆ. ಯಂತ್ರ ಕೂತಿದ್ದ ಜಾಗದಲ್ಲಿ ಅದರ ಅಳತೆಗೆ ಕೊರೆದ ಮೆತ್ತೆ ಹಾಗೆಯೇ ಇತ್ತು. ಅದರ ಪಕ್ಕದ ಸೀಟಿನಲ್ಲಿ ಪ್ರಾಣೇಶ ಕೂತ. ಊರೆಲ್ಲ ಕಳಿಸಲು ಬಂದಿತ್ತು. ನಾಗಪ್ಪ ಬಿಸಿಯಾರದ ಜೋಳದ ಹಿಟ್ಟಿನ ಚೀಲ ತಂದು ಕಾಲ ಬುಡದಲ್ಲಿ ಇಟ್ಟ. “ನನ್ನ ಕೀಲು ಇರೋತನಕ ನಿಮ್ಮ ಸೂಜಿಗೆ ನಾ ಕಾವಲಿರ್ತೀನಿ. ಆರಾಮ ಹೋಗಿಬರ್ರಿ,” ಎಂದ. ಗಂಗಾಂಬಿಕಾ ಮಗ್ಗದಿಂದ ಇಳಿಸಿದ ಸೀರೆಯನ್ನು ದೂರದಿಂದಲೇ ಎತ್ತಿ ತೋರಿಸಿದಳು, ಸಂಜೆಯೊಳಗೆ ಮುಗಿಸಿಯೇಬಿಟ್ಟಿದ್ದಳು.

ರಂಜನಾ ಕಿಟಕಿಗೆ ಬಂದು ಕೇಳಿದಳು. “ಅಪ್ಪಾ, ನೀ ಅಲ್ಲಿ ಗುಂಡಿ ಒತ್ತಿದ್ರ ಇಲ್ಲಿ ಸೂಜಿ ಇಳೀತದೇನು?”

“ಹೂಂ ಮಗಳ.”

“ಹಂಗಾದ್ರ ಯಾರರೆ ನಿಮ್ಮಪ್ಪ ಎಲ್ಲಿ ಅಂದ್ರ, ಮನ್ಯಾಗ ಕೆಳಗ ಇದ್ದಾನ ಅಂತ ಹೇಳ್ತೀನಿ.”

ಪ್ರಾಣೇಶನಿಗೆ ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಕ್ಯಾಲೆಂಡರಿಗಿಂತ ಒಂದು ಮೆಟ್ಟಿಲು ಹತ್ತಿರ ಬಂದಂತಾಯಿತು, ಅದೂ ದೊಡ್ಡದೇ. ಈ ಊರಿಗೆ, ಈ ಜನಕ್ಕೆ, ಈ ಬಂಡೆಗೆ ಎಷ್ಟು ಸಲ ಕೈ ಮುಗಿದರೂ ಸಾಲದು ಅನ್ನಿಸಿತು. ಶ್ರೀವಲ್ಲಿ ಚಹಾದ ಫ್ಲಾಸ್ಕು ಕೊಟ್ಟು ಒಂದು ಗಳಿಗೆ ಅವನ ಕೈ ಹಿಡಿದಳು. ಫ್ಲಾಸ್ಕು ಹಗುರವಾಗಿತ್ತು. ಅಲ್ಲಾಡಿಸಿ ನೋಡುವ ಅಗತ್ಯವಿರಲಿಲ್ಲ, ಅರ್ಧವೇ ಇತ್ತು.

ಮಕ್ತಲ್ ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ ಡ್ರೈವರ್ ಒಮ್ಮೆಲೇ ವೇಗ ತಗ್ಗಿಸಿದ. ಕಿವಿಗೊಟ್ಟು ಕೇಳಿದ. ಆಮೇಲೆ ಗಾಡಿಯನ್ನು ಬದಿಗೆ ಹಚ್ಚಿ ಕೆಳಗಿಳಿದು, ಒಂದೊಂದೇ ಗಾಲಿಗೆ ಒದ್ದು ನೋಡತೊಡಗಿದ.

“ಏನಾಯ್ತಪ್ಪಾ?” ಎಂದು ಪ್ರಾಣೇಶ ಕಾಳಜಿಯಿಂದ ಇಳಿದು ಅವನ ಜತೆ ತಾನೂ ಬಗ್ಗಿ ನೋಡಿದ.

“ಗಾಡಿ ಯಾಕೋ ಅದುರಾಕ ಹತ್ತಿತ್ತು ಸಾರ್. ಈಗ ನೋಡಿದ್ರ ನಿಂತೈತಿ.”

ಮುಂದಿನ ಸೀಟಿನಲ್ಲಿದ್ದ ನವನೀತಾ ಮೇಡಂ ಕಣ್ಣು ಮುಚ್ಚಿಕೊಂಡೇ, ತಲೆ ತಿರುಗಿಸದೆ, ಹೇಳಿದರು.

“ಪ್ರಾಣೇಶ್… ಕಾಲು.”